ತಗಡಿನ ಮೇಲಿನ ಬಾಗಿಲು

ನಮ್ಮ ಗಲ್ಲಿಯ ಬಾಯಿಗೆ ತಗಡು ಹೊಡೆದ ದಿನ ನಾನು ಯಾರನ್ನೂ ಬೈಯಲಿಲ್ಲ. ಇದನ್ನು ಹೇಳಿದರೆ ಗಲ್ಲಿಯವರು ಇವತ್ತಿಗೂ ನಂಬುವುದಿಲ್ಲ. ಆದರೆ ಬೈಯುವುದಕ್ಕೆ ಬಾಯಿ ಬೇಕಲ್ಲ! ಬೆಳಿಗ್ಗೆ ತಾನೇ ದವಡೆ ಹಲ್ಲು ಕೀಳಿಸಿಕೊಂಡು ಬಂದು, ಬಾಯಿ ತುಂಬ ಹತ್ತಿ ಕಚ್ಚಿಕೊಂಡು, ಗ್ಯಾರೇಜಿನ ಸ್ಟೂಲಿನ ಮೇಲೆ ಕೂತಿದ್ದೆ. ಸಂಜೆಯವರೆಗೆ ಮಾತಾಡಕೂಡದು ಎಂದು ಹಲ್ಲಿನ ಡಾಕ್ಟರು ಹೇಳಿದ್ದರು. ಇಷ್ಟು ವರ್ಷ ನನ್ನ ಬಾಯಿಗೆ ಹೆದರಿ ಗಲ್ಲಿಯೊಳಗೆ ಕಾಲಿಡದಿದ್ದ ನಗರಸಭೆಯವರು ಹುಡುಕಿಕೊಂಡು ಅದೇ ದಿನ ಬಂದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ನನ್ನ ಪಾಲಿಗೆ ಅದು ಅಕ್ಷರಶಃ ನಿಜವಾಯಿತು.

ಅಂಥಿಂಥ ತಗಡಲ್ಲ ಅದು, ಎರಡಾಳೆತ್ತರದ್ದು. ಆ ಕಡೆ ಹಳೇ ಟೈರಿನ ಅಂಗಡಿಯಿಂದ ಈ ಕಡೆ ಗುಜರಿಯವರೆಗೆ, ದೊಡ್ಡ ರಸ್ತೆಗೆ ಮುಖ ಮಾಡಿದ್ದ ನಮ್ಮ ಬದುಕನ್ನೆಲ್ಲ ಸಾಲಾಗಿ ಮುಚ್ಚಿಕೊಂಡು ಹೋದರು. ಕಬ್ಬಿಣದ ಕಂಬ ನೆಟ್ಟು, ಅಡ್ಡಪಟ್ಟಿ ಕೊಟ್ಟು, ನಟ್ಟು ಬೋಲ್ಟು ಹಾಕಿ ಬಿಗಿದರು. ನಮ್ಮ ಕಡೆಗೆ ಬರೀ ತಗಡು, ರಸ್ತೆಯ ಕಡೆಗೆ ಚಿತ್ರ. ಸಾಲು ಮನೆಗಳು, ಕಿಟಕಿಗೆ ಪರದೆ, ಪರದೆಯ ಕೆಳಗೆ ಹೂವಿನ ಕುಂಡ. ಸರಿಯಾಗಿ ನಮ್ಮ ಗಲ್ಲಿ ಶುರುವಾಗುವ ಜಾಗದಲ್ಲಿ ಒಂದು ಹಸಿರು ಬಾಗಿಲು ಬರೆದಿದ್ದರು, ಹಿತ್ತಾಳೆಯ ಹಿಡಿಕೆ ಸಮೇತ. ಬಾಗಿಲ ಪಕ್ಕದ ಕಿಟಕಿಯಲ್ಲಿ ಒಬ್ಬಳು ಗಲ್ಲಕ್ಕೆ ಕೈಯಿಟ್ಟುಕೊಂಡು ನಗುತ್ತಿದ್ದಳು. ನಮ್ಮ ಗಲ್ಲಿಯಲ್ಲಿ ಹಾಗೆ ಗಲ್ಲಕ್ಕೆ ಕೈಯಿಟ್ಟು ನಗುವಷ್ಟು ಪುರುಸೊತ್ತು ಯಾರಿಗೂ ಇಲ್ಲ.

ಇದೆಲ್ಲ ಯಾತಕ್ಕೆ ಎಂದರೆ, ನಮ್ಮ ನಗರದಲ್ಲಿ ಕ್ರೀಡಾಕೂಟ. ಪ್ರಪಂಚದ ವಿಶ್ವವಿದ್ಯಾಲಯಗಳಲ್ಲಿ ಓದುವ ಮಕ್ಕಳೆಲ್ಲ ಬಂದು ಇಲ್ಲಿ ಓಡುತ್ತಾರೆ, ಈಜುತ್ತಾರೆ, ಎಗರುತ್ತಾರೆ. ಎರಡು ವರ್ಷದಿಂದ ಕಂಡ ಕಂಡ ಗೋಡೆಯ ಮೇಲೆಲ್ಲ ಅದರ ಗುರುತು, ತಲೆಗೆ ಪದವಿಯ ಟೋಪಿ, ಕಾಲಿಗೆ ಬೂಟು ಹಾಕಿಕೊಂಡ ಒಂದು ಪಾರಿವಾಳ. ಹಾರುವ ಹಕ್ಕಿಗೆ ಬೂಟು ಯಾಕಪ್ಪಾ ಎಂದು ನಾನು ಆಗಲೇ ಕೇಳಿದ್ದೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ತಗಡು ಹೊಡೆಸಲು ಬಂದಿದ್ದವರು ನಗರ ಸುಂದರೀಕರಣ ವಿಭಾಗದ ಅಧಿಕಾರಿ. ಅವರ ಹೆಸರು ನಮಗೆ ಬೇಕಾಗಿರಲಿಲ್ಲ, ಗಲ್ಲಿಯಲ್ಲಿ ಎಲ್ಲರೂ ಅವರನ್ನು ಸುಂದರೀಕರಣ ಎಂದೇ ಕರೆದೆವು. ಇಸ್ತ್ರಿ ಮಾಡಿದ ಮನುಷ್ಯ. ಬಿಳೀ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ನನ್ನ ಮುಂದೆ ಬಂದು ನಿಂತರು.

"ನೀವೇ ಅಂತಲ್ಲ ಇಲ್ಲಿ ದೊಡ್ಡವ್ರು? ಕೂಟ ಮುಗಿಯೋ ತನಕ ಅಷ್ಟೇ ಅಮ್ಮ. ಹಿಂದುಗಡೆ ಚರಂಡಿ ಪಕ್ಕ ಓಡಾಡೋಕೆ ದಾರಿ ಇದೆಯಲ್ಲ. ನಿಮ್ಮೆಲ್ಲರ ಒಪ್ಪಿಗೆ ಇದೆ ತಾನೇ?"

ನನಗೆ ಪಿತ್ತ ನೆತ್ತಿಗೇರಿತು. ಊಹೂಂ ಎನ್ನಲು ಹೋದೆ. ಊ ಎನ್ನುವುದು ಹತ್ತಿಯಲ್ಲಿ ಸಿಕ್ಕಿಕೊಂಡು ಹೂಂ ಎನ್ನುವುದು ಮಾತ್ರ ಹೊರಗೆ ಬಂತು. ಸಿಟ್ಟಿನಿಂದ ತಲೆ ಕೊಡವಿ ಇನ್ನೊಮ್ಮೆ ಪ್ರಯತ್ನ ಮಾಡಿದೆ. ಹೂಂ! ಮತ್ತೂ ಜೋರಾಗಿ, ಹೂಂ!

"ನೋಡಿ, ಎಷ್ಟು ಸಂತೋಷವಾಗಿ ಹೂಂ ಅಂತಿದಾರೆ" ಎಂದು ಸುಂದರೀಕರಣ ತಮ್ಮ ಜೊತೆಗಿದ್ದವರಿಗೆ ಹೇಳಿದರು. "ಜನರ ಸಹಕಾರ ಅಂದ್ರೆ ಇದು."

ನಮ್ಮ ಯಜಮಾನರು ಅಲ್ಲೇ ಸ್ಕೂಟರಿನ ಹೊಟ್ಟೆ ಬಗೆದುಕೊಂಡು ಕೂತಿದ್ದರು. ಆದರೆ ಅವರಿಗೆ ಜೀವಮಾನವಿಡೀ ಇಂಜಿನ್ ಸದ್ದು ಕೇಳಿ ಕೇಳಿ ಕಿವಿ ಮಂದ. ನನ್ನ ಬಾಯಿಗೂ ಅವರ ಕಿವಿಗೂ ದೇವರು ಮೊದಲೇ ಗಂಟು ಹಾಕಿದ್ದ ಎಂದು ಗಲ್ಲಿಯವರು ನಗುತ್ತಾರೆ. ಅವರು ನನ್ನ ತಲೆಯ ಆಟ ನೋಡಿ, ಹಲ್ಲು ನೋಯುತ್ತಿರಬೇಕು ಎಂದುಕೊಂಡು, ಒಂದು ಲೋಟ ತಣ್ಣೀರು ತಂದುಕೊಟ್ಟರು. ಅಷ್ಟರಲ್ಲಿ ಕಂಬ ನೆಡುವುದಕ್ಕೆ ಗುಂಡಿ ತೋಡಿಯಾಗಿತ್ತು.

ಗಿರಾಕಿಗಳು ಬಂದು ತಗಡಿಗೆ ಮುಖ ಕೊಟ್ಟು ವಾಪಸು ಹೋದರು. ಬಿಸಿಲಿಗೆ ತಗಡು ಕಾದು ಗಲ್ಲಿಯೇ ಒಲೆಯಾಯಿತು. ನೆಂಟರು ಬರುತ್ತಾರೆ ಎಂದು ಮನೆಯವರನ್ನೇ ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದ ಹಾಗೆ. ಆದರೆ ನನ್ನ ಹೊಟ್ಟೆ ಉರಿದದ್ದು ಅದಕ್ಕಲ್ಲ. ಉರಿದದ್ದು ನಮ್ಮ ಸರಸರನ ವಿಷಯಕ್ಕೆ.

ಸರಸರ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡಾಗ ಇನ್ನೂ ಅಂಬೆಗಾಲಿಡುತ್ತಿದ್ದಳು. ನಮಗೆ ಮಕ್ಕಳಿಲ್ಲ, ಅವಳಿಗೆ ತಾಯಿಯಿಲ್ಲ, ಇನ್ನು ಲೆಕ್ಕ ಏನು ಹಾಕುವುದು, ಎತ್ತಿಕೊಂಡು ಬಂದೆ. ಗಲ್ಲಿ ತುಂಬ ಗ್ಯಾರೇಜುಗಳು, ನೆಲದ ತುಂಬ ಆಯಿಲ್. ಮಕ್ಕಳು ಓಡಿದರೆ ಜಾರಿ ಬಿದ್ದು ಹಲ್ಲು ಮುರಿದುಕೊಳ್ಳುವುದು ಖಂಡಿತ. ಅದಕ್ಕೆ ಅವಳು ಎದ್ದು ನಿಂತ ದಿನದಿಂದ ನನ್ನದು ಒಂದೇ ಕೂಗು, ಓಡಬೇಡ, ನಡಿ! ಹುಡುಗಿಗೆ ಅವಸರವೋ ಅವಸರ. ಓಡಿದರೆ ದೊಡ್ಡಮ್ಮ ಕೊಲ್ಲುತ್ತಾಳೆ. ಆದ್ದರಿಂದ ಓಡದೆ, ಸೊಂಟ ತಿರುಗಿಸಿಕೊಂಡು, ಸರಸರ ಸರಸರ ಎಂದು ನಡೆಯುವುದನ್ನು ಅಭ್ಯಾಸ ಮಾಡಿಕೊಂಡಳು. ಹೆಸರೂ ಅದೇ ನಿಂತಿತು. ಅವಳ ನಡಿಗೆ ನೋಡಿ ಬಾತುಕೋಳಿ ಎಂದು ಆಡಿಕೊಂಡವರಿದ್ದರು. ಪ್ರಪಂಚದಲ್ಲಿ ಹಾಗೆ ನಡೆಯುವುದಕ್ಕೂ ಒಂದು ಸ್ಪರ್ಧೆ ಇದೆ, ಪದಕ ಇದೆ ಎಂದು ಕಾಲೇಜಿಗೆ ಹೋದ ಮೇಲೆ ಗೊತ್ತಾಯಿತು.

ಅದರ ನಿಯಮ ನನಗೆ ಬಾಯಿಪಾಠ. ಒಂದು ಕಾಲು ಯಾವಾಗಲೂ ನೆಲಕ್ಕೆ ತಾಗಿಕೊಂಡಿರಬೇಕು. ಎರಡೂ ಕಾಲು ನೆಲ ಬಿಟ್ಟರೆ ಅದು ಓಟ. ದಾರಿಯುದ್ದಕ್ಕೂ ನಿಂತ ತೀರ್ಪುಗಾರರು ಕಂಡು ಬರೆದರೆ ಒಂದು ಕೆಂಪು. ಮೂರು ಕೆಂಪು ಬಿದ್ದರೆ ಮುಖ್ಯ ತೀರ್ಪುಗಾರ ಎದುರು ಬಂದು ಕೆಂಪು ಹಲಗೆ ತೋರಿಸುತ್ತಾನೆ. ತೋರಿಸಿದ ಕೂಡಲೇ ರಸ್ತೆ ಬಿಟ್ಟು ಹೊರಗೆ ಹೋಗಬೇಕು. ಮುಗಿಯಿತು.

ನಮ್ಮ ಹುಡುಗಿ ದೇಶದ ತಂಡಕ್ಕೆ ಆಯ್ಕೆಯಾದಳು. ಕೂಟ ನಮ್ಮ ನಗರದಲ್ಲೇ. ನಡಿಗೆಯ ಸ್ಪರ್ಧೆ ಯಾವ ರಸ್ತೆಯಲ್ಲಿ? ನಮ್ಮ ಗಲ್ಲಿಯ ಮುಂದಿನ ದೊಡ್ಡ ರಸ್ತೆಯಲ್ಲಿ! ಹೋಗಿ ತಿರುಗಿ, ಹೋಗಿ ತಿರುಗಿ, ಸುತ್ತು ಹೊಡೆಯುತ್ತಾ ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಾಳೆ. ಈ ಸುದ್ದಿ ಬಂದ ದಿನ ನಮ್ಮ ಯಜಮಾನರು ಗಲ್ಲಿಯವರಿಗೆಲ್ಲ ಟೀ ಕುಡಿಸಿದರು. ಎದುರು ಮನೆಯ ವೆಲ್ಡಿಂಗಿನವನು, ಕಿಡಿಯಣ್ಣ ಎಂದು ಕರೆಯುತ್ತೇವೆ, ಅವನಂತೂ ಎಲ್ಲರೂ ಕೂತು ನೋಡಲಿ ಎಂದು ಪೈಪು ಬೆಸೆದು ಮೆಟ್ಟಿಲು ಮೆಟ್ಟಿಲಾಗಿ ಒಂದು ಬೆಂಚನ್ನೇ ಮಾಡಿಟ್ಟ. ಆ ಬೆಂಚು ಈಗ ತಗಡಿಗೆ ಮುಖ ಮಾಡಿಕೊಂಡು ನಿಂತಿತ್ತು.

ಹತ್ತಿ ತೆಗೆದ ಮಾರನೆಯ ದಿನವೇ ನಾನು ಕೂಟದ ಕಚೇರಿಗೆ ಹೋದೆ. ತಣ್ಣಗಿನ ಹಾಲ್, ಗಾಜಿನ ಮೇಜು, ಮೇಜಿನ ಮೇಲೆ ಪಾರಿವಾಳದ ಬೊಂಬೆ. ಸುಂದರೀಕರಣ ಸಿಕ್ಕಿದರು.

"ಗಲ್ಲಿ ಬಾಯಿ ಒಂದು ತಗಡಿನಷ್ಟಾದರೂ ಬಿಡಿ ಸಾಹೇಬ್ರೆ. ನಮ್ಮ ಹುಡುಗಿ ಅಲ್ಲಿ ನಡೀತಾಳೆ. ನೋಡ್ಬೇಕು ನಾವು."

"ಟೀವಿಯಲ್ಲಿ ನೇರಪ್ರಸಾರ ಬರುತ್ತಲ್ಲ ಅಮ್ಮ, ಆರಾಮಾಗಿ ಕೂತು ನೋಡಿ."

"ನಮ್ಮ ಬಾಗಿಲ ಮುಂದೆ ಹಾದು ಹೋಗೋಳನ್ನ ಟೀವಿಯಲ್ಲಿ ನೋಡ್ಬೇಕಾ? ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲಾ ಹುಡುಕೋದು ಅಂದ್ರೆ ಇದೇ ಅಲ್ವಾ?"

"ನೀವೇ ಹೂಂ ಅಂದ್ರಲ್ಲ" ಎಂದರು ಅವರು, ನಗುತ್ತಾ. "ಈಗ ಒಂದು ತಗಡು ತೆಗೆದ್ರೆ ಚಿತ್ರ ಹಾಳಾಗುತ್ತೆ."

ಚಿತ್ರ ಹಾಳಾಗುತ್ತದಂತೆ! ಕೋಣನ ಮುಂದೆ ಕಿನ್ನರಿ ಬಾರಿಸಿ ಪ್ರಯೋಜನವಿಲ್ಲ ಎಂದು ಎದ್ದುಬಂದೆ. ದಾರಿಯಲ್ಲಿ ಕಂಡ ಪಾರಿವಾಳಗಳಿಗೆಲ್ಲ ಬೈದುಕೊಂಡು ಬಂದೆ, ನಿಜವಾದವುಗಳಿಗೂ.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಅದಾದ ಮೇಲೆ. ಸರಸರ ಆಗಲೇ ಕ್ರೀಡಾಪಟುಗಳ ವಸತಿಗೆ ಹೋಗಿಯಾಗಿತ್ತು, ಅಲ್ಲಿಂದ ಹೊರಗೆ ಬಿಡುವುದಿಲ್ಲ. ಒಂದು ಮಧ್ಯಾಹ್ನ ತಗಡಿನ ಆಚೆ ವ್ಯಾನು ನಿಂತ ಸದ್ದಾಯಿತು. ಹೆಂಗಸಿನ ಗಟ್ಟಿ ಧ್ವನಿ, ಟೀವಿಯವಳದು. ಆಮೇಲೆ ಸರಸರನ ಧ್ವನಿ. ನಾನು ಕೈಯಲ್ಲಿದ್ದ ಗ್ರೀಸಿನ ಡಬ್ಬಿ ಅಲ್ಲೇ ಬಿಟ್ಟು ಹೋಗಿ ತಗಡಿಗೆ ಕಿವಿ ಇಟ್ಟೆ.

"ಮನೆಮಗಳು ಮನೆಮುಂದೆ ನಿಂತಿದಾಳೆ!" ಎಂದಳು ಟೀವಿಯವಳು. "ಎಷ್ಟು ಚೆಂದದ ಹಸಿರು ಬಾಗಿಲು! ಇದೇ ಅಲ್ವಾ ನೀವು ಹುಟ್ಟಿ ಬೆಳೆದ ಬೀದಿ?"

ನಮ್ಮಿಬ್ಬರ ನಡುವೆ ಇದ್ದದ್ದು ಒಂದು ತಗಡು, ಅಷ್ಟೇ.

"ಹೂಂ" ಎಂದಳು ಸರಸರ.

ಮೈಯೆಲ್ಲ ಉರಿದುಹೋಯಿತು. ಸುಂದರೀಕರಣ ನಮ್ಮನ್ನು ಮುಚ್ಚಿದ್ದಕ್ಕೆ ಸಿಟ್ಟು ಬಂದಿತ್ತು, ಇದಕ್ಕೆ ಬಂದದ್ದು ಸಿಟ್ಟಲ್ಲ, ಬೆಂಕಿ. ಅವಳಿಗೆ ನಡೆಯುವುದನ್ನು ಕಲಿಸಿದ ಗಲ್ಲಿ ಇತ್ತ ಕಡೆ ಬೆವರು ಸುರಿಸಿಕೊಂಡು ನಿಂತಿದೆ, ಇವಳು ಅತ್ತ ಕಡೆ ಬಣ್ಣದ ಬಾಗಿಲಿಗೆ ಹೂಂ ಎನ್ನುತ್ತಾಳೆ. ಸಂಜೆ ಫೋನ್ ಮಾಡಿದಳು.

"ದೊಡ್ಡಮ್ಮ, ಟೀವಿಯಲ್ಲಿ ನೋಡಿದ್ಯಾ?"

"ನೋಡಿದೆ. ಯಾರದೋ ಮನೆ ಬಾಗಿಲಲ್ಲಿ ನಿಂತಿದ್ದೆ. ಬಾಡಿಗೆಗೆ ಹಿಡಿದ್ಯಾ?"

"ಕೋಚ್ ಸರ್ ಮೊದಲೇ ಹೇಳಿದ್ರು ದೊಡ್ಡಮ್ಮ, ಕೇಳಿದ್ದಕ್ಕೆಲ್ಲಾ ಹೂಂ ಅನ್ನು, ಗಲ್ಲಿ ಗಿಲ್ಲಿ ಅಂತ ಬಾಯಿ ಬಿಡ್ಬೇಡ ಅಂತ. ನಾನೇನು ಮಾಡ್ಲಿ?"

"ನಾನು ಬಾಯಲ್ಲಿ ಹತ್ತಿ ಇಟ್ಕೊಂಡು ಹೂಂ ಅಂದೆ. ನೀನು ಯಾವ ಹತ್ತಿ ಇಟ್ಕೊಂಡಿದ್ದೆ?"

ಅವಳು ಅತ್ತಳು. ನಾನು ಕರಗಲಿಲ್ಲ. ಅಳುವವರನ್ನು ಕಂಡರೆ ನನ್ನ ಸಿಟ್ಟು ಇನ್ನೂ ಏರುತ್ತದೆ, ಹುಟ್ಟುಗುಣ. ಅವಳು ಮೂಗು ಒರೆಸಿಕೊಂಡು, "ನೀನು ಕಚೇರಿಗೆ ಹೋಗಿ ಗಲಾಟೆ ಮಾಡಿದ್ದು ಇಲ್ಲಿ ಎಲ್ಲರಿಗೂ ಗೊತ್ತಾಗಿದೆ. ಸ್ಪರ್ಧೆ ದಿನ ಏನೂ ಮಾಡ್ಬೇಡ ದೊಡ್ಡಮ್ಮ. ತಗಡು ಬಿಚ್ಚೋದು, ಏಣಿ ಹತ್ತೋದು ಏನೂ ಬೇಡ. ನಿನ್ನಿಂದ ಸ್ಪರ್ಧೆ ನಿಂತ್ರೆ ನನ್ನನ್ನ ತಂಡದಿಂದಲೇ ತೆಗೀತಾರೆ. ಹೂಂ ಅನ್ನು" ಎಂದಳು.

"ಹೋಗಿ ಮಲಕ್ಕೋ, ನಡಿ" ಎಂದೆ.

"ಹೂಂ ಅನ್ನು ದೊಡ್ಡಮ್ಮ."

"ಹೂಂ" ಎಂದೆ. ಈ ಸಲ ಬಾಯಲ್ಲಿ ಹತ್ತಿ ಇರಲಿಲ್ಲ, ಆದ್ದರಿಂದ ಆ ಮಾತಿಗೆ ನಾನು ಕಟ್ಟುಬಿದ್ದೆ.

ತಗಡು ಬಿಚ್ಚುವ ಯೋಚನೆ ಅವಳಿಗೆ ಬಂದದ್ದು ಸುಮ್ಮನೆ ಅಲ್ಲ. ಗಲ್ಲಿಯಲ್ಲಿ ಬೆಳೆದವಳು, ನಮ್ಮ ಬುದ್ಧಿ ಅವಳಿಗೆ ಗೊತ್ತು. ನಮ್ಮ ಯಜಮಾನರು ಮೊದಲ ವಾರದಲ್ಲೇ ತಗಡನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ನನ್ನನ್ನು ಕರೆದು ತೋರಿಸಿ ಹೊಟ್ಟೆ ಹಿಡಿದು ನಕ್ಕಿದ್ದರು. ಬೋಲ್ಟಿನ ಚಪ್ಪಟೆ ತಲೆ ರಸ್ತೆಯ ಕಡೆಗೆ, ಅದರ ಮೇಲೂ ಹೂವು ಕುಂಡ ಬರೆದು ಮರೆಮಾಡಿದ್ದಾರೆ. ನಟ್ಟು ನಮ್ಮ ಕಡೆಗೆ! ನಟ್ಟು ಕಂಡರೆ ಚಿತ್ರದ ಅಂದ ಕೆಡುತ್ತದೆ ಎಂದು ಒಳಗೆ ಹಾಕಿ ಹೋಗಿದ್ದಾರೆ. ಗಲ್ಲಿಯ ತುಂಬ ಮೆಕ್ಯಾನಿಕ್ಕುಗಳು, ಪ್ರತಿಯೊಬ್ಬನ ಜೇಬಿನಲ್ಲೂ ಒಂದು ಸ್ಪ್ಯಾನರು. ಬೆಕ್ಕನ್ನು ಹಾಲಿಗೆ ಕಾವಲಿಟ್ಟ ಹಾಗಾಗಿತ್ತು.

"ಅಕ್ಕ, ನೀವು ಒಂದು ಮಾತು ಹೇಳಿ, ಟೀ ಕುಡಿಯೋದ್ರೊಳಗೆ ಇಡೀ ಸಾಲು ಮಲಗಿಸ್ತೀನಿ" ಎಂದು ಕಿಡಿಯಣ್ಣ ದಿನಾ ಕೇಳುತ್ತಿದ್ದ. ನಾನು ದಿನಾ ಬೇಡ ಎನ್ನುತ್ತಿದ್ದೆ. ನಾನು ಬೇಡ ಎನ್ನುವುದನ್ನು ಕೇಳಿ ಅವನಿಗೆ ನನ್ನ ಆರೋಗ್ಯದ ಬಗ್ಗೆಯೇ ಅನುಮಾನ ಬಂದಿತ್ತು.

ಸ್ಪರ್ಧೆಯ ದಿನ ಬೆಳಿಗ್ಗೆ ಗಲ್ಲಿಯವರೆಲ್ಲ ಕಿಡಿಯಣ್ಣನ ಬೆಂಚಿನ ಮೇಲೆ ಸಾಲಾಗಿ ಕೂತರು. ಎದುರಿಗೆ ಬೂದು ತಗಡು. ಪಕ್ಕದಲ್ಲಿ ಒಂದು ಡ್ರಮ್ಮಿನ ಮೇಲೆ ನಮ್ಮ ಗ್ಯಾರೇಜಿನ ಟೀವಿ. ಕಣ್ಣು ಟೀವಿಗೆ, ಕಿವಿ ತಗಡಿಗೆ. ನೇರಪ್ರಸಾರ ಎನ್ನುವುದು ಎಂಥ ಸುಳ್ಳು ಎಂದು ಆಗ ತಿಳಿಯಿತು. ತಗಡಿನಾಚೆ ಬೂಟುಗಳ ಸದ್ದು ಪಟಪಟ ಪಟಪಟ ಎಂದು ಬಂದು ಹೋಗಿಬಿಡುತ್ತಿತ್ತು. ಒಂದೆರಡು ನಿಮಿಷ ಕಳೆದ ಮೇಲೆ ಅದೇ ಗುಂಪು ಟೀವಿಯಲ್ಲಿ ಹಸಿರು ಬಾಗಿಲನ್ನು ದಾಟುತ್ತಿತ್ತು. "ನಗರದ ಸುಂದರ ಹಳೆಯ ಬೀದಿಗಳನ್ನು ನೋಡುತ್ತಿದ್ದೀರಿ" ಎಂದಿತು ಟೀವಿ. ಗಲ್ಲಕ್ಕೆ ಕೈಯಿಟ್ಟವಳು ಎಲ್ಲರನ್ನೂ ನೋಡಿ ನಗುತ್ತಿದ್ದಳು. ನಾನು ನಿಲ್ಲಬೇಕಾಗಿದ್ದ ಜಾಗದಲ್ಲಿ ಅವಳು, ಆ ಬಣ್ಣದ ಮೂಳಿ! ಮೇಲೆ ಥಳುಕು, ಒಳಗೆ ಹುಳುಕು ಎಂದು ಗಾದೆ. ಇಲ್ಲಿ ಒಳಗಿದ್ದದ್ದು ಹುಳುಕಲ್ಲ, ನಾವು.

ನಮ್ಮ ಯಜಮಾನರು ಬೆಂಚಿನ ಮೇಲೆ ಕೂರಲಿಲ್ಲ. ತಗಡಿನ ಹತ್ತಿರ ಹೋಗಿ ಅಂಗೈ ಊರಿ ನಿಂತರು. ಕಿವಿಗೆ ಕೇಳದ್ದು ಕೈಗೆ ತಿಳಿಯುತ್ತದಂತೆ. ಗುಂಪು ಹಾದುಹೋಗುವಾಗಲೆಲ್ಲ ತಿರುಗಿ ನಮಗೆ ತಲೆಯಾಡಿಸುತ್ತಿದ್ದರು. ಸರಸರ ಈಗ ಐದನೆಯವಳು, ಈಗ ನಾಲ್ಕನೆಯವಳು ಎಂದು ಟೀವಿ ಹೇಳಿತು. ಗಲ್ಲಿ ಎದ್ದು ನಿಂತು ಕೂಗಿತು.

"ನಡಿ ಸರಸರಾ! ನಡಿ! ನಡಿ!"

ತಗಡಿಗೆ ಕೂಗುವುದು ಎಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಕೂಗಿದ್ದು ತಿರುಗಿ ಬಂದು ನಮ್ಮ ಮುಖಕ್ಕೇ ಹೊಡೆಯುತ್ತದೆ. ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ನನ್ನ ಸೆರಗಿನ ಗಂಟಿನಲ್ಲಿ ಆ ನಟ್ಟುಗಳಿಗೆ ಸರಿಹೋಗುವ ಹದಿಮೂರನೇ ನಂಬರಿನ ಸ್ಪ್ಯಾನರು ಇತ್ತು. ಯಾಕೆ ಇಟ್ಟುಕೊಂಡಿದ್ದೆನೋ, ಹೂಂ ಎಂದಿದ್ದೇನಲ್ಲ. ಆದರೂ ಪ್ರತಿ ಸುತ್ತಿಗೂ ಕೈ ಅದರ ಮೇಲೆ ಹೋಗುತ್ತಿತ್ತು. ಕಿಡಿಯಣ್ಣ ನನ್ನ ಮುಖ ನೋಡುತ್ತಿದ್ದ. ನಾನು ಅವನನ್ನು ಗದರಿಸಿ ಕೂರಿಸುತ್ತಿದ್ದೆ.

ಅವಳಿಗೆ ಎರಡು ಕೆಂಪು ಬಿದ್ದಿದೆ ಎಂದು ಟೀವಿ ಹೇಳಿತು. "ಎಚ್ಚರಿಕೆ ಕಣೇ" ಎಂದು ಯಾರೋ ಟೀವಿಗೆ ಹೇಳಿದರು. ಮೂರನೆಯವಳನ್ನು ಹಿಂದೆ ಹಾಕಲು ಅವಳು ಹೆಜ್ಜೆ ಬಿರುಸು ಮಾಡಿದ್ದಳು. ಟೀವಿಯಲ್ಲಿ ಅವಳಿನ್ನೂ ದೂರದ ತಿರುವಿನಲ್ಲಿ ಹೊರಳಿಕೊಂಡು ಸರಸರ ಬರುತ್ತಿದ್ದಳು.

ಆಗ ನಮ್ಮ ಯಜಮಾನರು ಅಂಗೈ ಸುಟ್ಟವರ ಹಾಗೆ ಬೆಚ್ಚಿದರು. ತಗಡು ಬಡಿಯುತ್ತಿತ್ತು. ಬೂಟಿನ ಅದುರಾಟವಲ್ಲ, ಯಾರೋ ಆಚೆ ಕಡೆಯಿಂದ ಎರಡೂ ಅಂಗೈಯಲ್ಲಿ ದಬದಬ ಬಡಿಯುತ್ತಿದ್ದರು. ಚಿಕ್ಕವಳಿದ್ದಾಗ ಶಾಲೆಯಿಂದ ಬಂದು, ಗ್ಯಾರೇಜಿನ ಷಟರು ಎಳೆದಿದ್ದರೆ ಮೂರೂರಿಗೆ ಕೇಳುವ ಹಾಗೆ ಬಡಿಯುತ್ತಿದ್ದಳಲ್ಲ, ಅದೇ ಬಡಿತ.

"ಅವಳೇ!" ಎಂದರು ಯಜಮಾನರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ದೊಡ್ಡಮ್ಮಾ! ತೆಗೀ!" ಆಚೆಯಿಂದ ಕೂಗು. "ದೊಡ್ಡಮ್ಮಾ, ಬಾಗಿಲು ತೆಗೀ!"

ಯಾಕೆ ಎಂದು ನಾನು ಕೇಳಲಿಲ್ಲ. ಟೀವಿಯಲ್ಲಿ ಅವಳಿನ್ನೂ ನಡೆಯುತ್ತಲೇ ಇದ್ದಳು, ನಾಲ್ಕನೆಯವಳಾಗಿ. ಇಲ್ಲಿ ತಗಡು ಬಡಿಯುತ್ತಿದ್ದಳು. ಯಾವುದನ್ನು ನಂಬುವುದು? ನಾನು ತಗಡನ್ನು ನಂಬಿದೆ. ನಟ್ಟಿಗೆ ಸ್ಪ್ಯಾನರು ಹಾಕಿದೆ. ನನ್ನ ಪಕ್ಕದಲ್ಲಿ ಕಿಡಿಯಣ್ಣ, ಮೇಲಿನ ನಟ್ಟಿಗೆ ಬೆಂಚು ಹತ್ತಿ ಇನ್ನಿಬ್ಬರು. ಹೊಸ ನಟ್ಟು, ತುಕ್ಕು ಹಿಡಿದಿರಲಿಲ್ಲ, ಬೆರಳಿಗೇ ತಿರುಗಿ ಬಂದವು. ಒಂದು ಅಂಚು ಪೂರ್ತಿ ಬಿಟ್ಟುಕೊಂಡಿತು. ಯಜಮಾನರು ಭುಜ ಕೊಟ್ಟು ತಳ್ಳಿದರು. ಹಿಡಿಕೆ ಇದ್ದ ಕಡೆಯಿಂದಲೇ, ಬಾಗಿಲು ಹೇಗೆ ತೆರೆಯಬೇಕೋ ಹಾಗೆಯೇ ತೆರೆಯಿತು.

ಅಡ್ಡಪಟ್ಟಿಯ ಕೆಳಗೆ ಬಗ್ಗಿ ಸರಸರ ಒಳಗೆ ಬಂದಳು. ಎದೆಯ ಮೇಲೆ ನಂಬರು, ಮುಖದ ತುಂಬ ಬೆವರು, ಕಣ್ಣೀರು. ಅಂಗೈಗಳಿಗೆ ಹಸಿರು ಬಣ್ಣ ಹತ್ತಿತ್ತು. ಬಂದವಳೇ ಆಯಿಲ್ ನೆಲದ ಮೇಲೆ ನನ್ನ ಕಾಲ ಬಳಿ ಕುಸಿದು ಕೂತಳು. ಅವಳ ಹಿಂದೆ, ಟೀವಿಯಲ್ಲಿ, ಆಗ ಮುಖ್ಯ ತೀರ್ಪುಗಾರ ಅವಳ ಎದುರಿಗೆ ಬಂದು ಕೆಂಪು ಹಲಗೆ ಎತ್ತಿದ. ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೆ ಅಯ್ಯೋ ಎಂದರು. ಗಲ್ಲಿಗೆ ಸುದ್ದಿ ಗೊತ್ತಾದದ್ದು ಹೀಗೆ, ಮಗಳು ಮನೆಗೆ ಬಂದು ಕೂತ ಮೇಲೆ.

ಟೀವಿ ಮುಂದಕ್ಕೂ ತೋರಿಸಿತು. ಸ್ವಯಂಸೇವಕನೊಬ್ಬ ಓಡಿ ಬಂದು, ರಸ್ತೆ ಬಿಡಿ, ರಸ್ತೆ ಬಿಡಿ ಎಂದು ಅವಳನ್ನು ಅಂಚಿಗೆ ತಳ್ಳುತ್ತಿದ್ದ. ಹಿಂದೆ ದೊಡ್ಡ ಗುಂಪು ಬರುತ್ತಿತ್ತು. ಅವಳು ಅಂಚಿಗೆ ಬಂದಳು. ಅಂಚಿನಲ್ಲಿ ತಗಡು. ಬಲಕ್ಕೆ ನೋಡಿದಳು, ತಗಡು. ಎಡಕ್ಕೆ ನೋಡಿದಳು, ತಗಡು. ಕಣ್ಣು ಹರಿಯುವವರೆಗೆ ಕಿಟಕಿ, ಪರದೆ, ಹೂವಿನ ಕುಂಡ, ಒಂದು ಹೆಜ್ಜೆ ಹೊರಗಿಡಲು ಎಲ್ಲೂ ಜಾಗವಿಲ್ಲ. ಚಿತ್ರ ಹಾಳಾಗುತ್ತದೆ ಎಂದು ಎಲ್ಲೂ ಒಂದು ಸಂದು ಬಿಟ್ಟಿರಲಿಲ್ಲ. ಅಳುತ್ತಾ, ತಗಡಿಗೆ ಭುಜ ಉಜ್ಜಿಕೊಂಡು, ಸೋತವಳು ಎಂದು ಪ್ರಪಂಚಕ್ಕೆಲ್ಲ ಕಾಣುತ್ತಾ, ಹಸಿರು ಬಾಗಿಲಿನವರೆಗೆ ಬಂದಳು. ಆ ಬಾಗಿಲ ಹಿಂದೆ ಯಾರಿದ್ದಾರೆ ಎಂದು ಆ ರಸ್ತೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ತೀರ್ಪುಗಾರನ ಮೇಲೆ ನನಗೆ ಸಿಟ್ಟಿಲ್ಲ. ಕಾಲು ನೆಲ ಬಿಟ್ಟಿತು, ಕೆಂಪು ಬಿತ್ತು, ನಿಯಮ ನಿಯಮವೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಆಟದಲ್ಲಿ ಅದೂ ಇದ್ದದ್ದೇ. ನನ್ನ ಸಿಟ್ಟು ಬೇರೆ. ಗೆದ್ದವರಿಗೆ ನಿಲ್ಲಲು ಮೂರು ಮೆಟ್ಟಿಲಿನ ಕಟ್ಟೆ ಕಟ್ಟಿದ್ದರು, ಅದಕ್ಕೆ ಕಾರ್ಪೆಟ್ಟು, ಅದಕ್ಕೆ ಬ್ಯಾಂಡು. ಸೋತ ಮಕ್ಕಳೂ ಇರುತ್ತಾರೆ, ಅವರಿಗೆ ಹೊರಗೆ ಹೋಗಲು ಒಂದು ದಾರಿ ಬೇಕು ಎಂದು ಇಷ್ಟೆಲ್ಲ ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ! ಮಕ್ಕಳನ್ನು ಹೆತ್ತವರಾ ಇವರು? ಸರಸರನಿಗೆ ಮಾತ್ರ, "ನೆಲದ ಮೇಲೆ ಯಾಕೆ ಕೂತೆ, ಬಟ್ಟೆಗೆಲ್ಲಾ ಆಯಿಲ್ ಆಯ್ತು, ಏಳು" ಎಂದು ಗದರಿದೆ.

"ದೊಡ್ಡಮ್ಮ, ಆವತ್ತು ನಾನು..."

"ಆವತ್ತಿನ ಮಾತು ಆಮೇಲೆ. ಬೈಯೋದು ಇನ್ನೂ ಬಾಕಿ ಇದೆ. ಮೊದಲು ನೀರು ಕುಡಿ."

ಯಜಮಾನರು ಆಗಲೇ ಬೂಟು ಬಿಚ್ಚಿ ಅವಳ ಕಾಲು ತೊಡೆಯ ಮೇಲಿಟ್ಟುಕೊಂಡಿದ್ದರು. ಹೆಬ್ಬೆರಳಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕಿಡಿಯಣ್ಣ ಇದೇ ಸಮಯ ಎಂದು ಉಳಿದ ನಟ್ಟುಗಳನ್ನೂ ಬಿಚ್ಚಿ, ತಗಡನ್ನು ಒಳಗೆಳೆದು ಗೋಡೆಗೆ ಒರಗಿಸಿದ. ರಸ್ತೆ ಕಂಡ ಕೂಡಲೇ ಗಲ್ಲಿಯೊಳಗೆ ಗಾಳಿ ಬಂತು. ಬೆಂಚಿನವರು ಟೀವಿ ಬಿಟ್ಟು ರಸ್ತೆಗೆ ತಿರುಗಿದರು. ಯಾವ ಯಾವ ದೇಶದ್ದೋ ಹುಡುಗಿಯರು ಸೊಂಟ ತಿರುಗಿಸಿಕೊಂಡು ಸರಸರ ಬರುತ್ತಿದ್ದರು. ಬಂದವರಿಗೆಲ್ಲ ನಮ್ಮವರು ನಡಿ, ನಡಿ ಎಂದು ಕೂಗಿದರು. ಒಬ್ಬಳು ನಮ್ಮ ಕಡೆ ತಿರುಗಿ ನಕ್ಕಳು. ಸರಸರ ಒಂದು ಕಾಲಲ್ಲಿ ಬೂಟು, ಒಂದು ಕಾಲು ಬರಿದು, ಎದ್ದು ಹೋಗಿ ಬಾಗಿಲಿದ್ದ ಜಾಗದಲ್ಲಿ ನಿಂತು ಅವರಿಗೆ ಚಪ್ಪಾಳೆ ತಟ್ಟಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಲೇ ಇತ್ತು.

ಅಷ್ಟು ಹೊತ್ತಿಗೆ ಚರಂಡಿಯ ಕಡೆಯಿಂದ ಸುಂದರೀಕರಣ ಏದುಸಿರು ಬಿಡುತ್ತಾ ಬಂದರು. ಪಾಪ, ನಮ್ಮನ್ನು ಅಟ್ಟಿದ್ದ ದಾರಿಯಲ್ಲೇ ಬರಬೇಕಾಯಿತು. ಇಸ್ತ್ರಿಯ ಪ್ಯಾಂಟಿಗೆ ಮೊಣಕಾಲಿನವರೆಗೆ ಕೆಸರು. ಹಿಂದೆ ತಗಡು ಹೊಡೆಯುವ ಇಬ್ಬರು ಆಳುಗಳು.

"ಮುಚ್ಚಿ, ಮುಚ್ಚಿ! ಪ್ರಪಂಚವೆಲ್ಲಾ ನೋಡ್ತಿದೆ!"

"ನೋಡ್ಲಿ ಅಂತಾನೇ ಅಲ್ವಾ ಕರ್ಸಿದ್ದು?" ಎಂದೆ ನಾನು.

"ನೀವೇ ಒಪ್ಪಿದ್ರಿ! ಎಲ್ಲರ ಮುಂದೆ ಹೂಂ ಅಂದ್ರಿ!"

ನಾನು ಬಾಯಿ ತೆರೆದೆ. ಆ ದಿನದಿಂದ ಕಟ್ಟಿಟ್ಟುಕೊಂಡಿದ್ದ ಬೈಗುಳವೆಲ್ಲ ನಾಲಗೆಯ ತುದಿಗೆ ಬಂದಿತ್ತು. ಆದರೆ ಅವರು ನನ್ನನ್ನು ಬಿಟ್ಟು ಸರಸರನ ಕಡೆ ತಿರುಗಿದರು. ರಸ್ತೆಯಾಚೆ ನಿಂತ ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ಒಂದು ಪಕ್ಕಕ್ಕೆ ಸರಿದು, ಧ್ವನಿಗೆ ಬೆಣ್ಣೆ ಹಚ್ಚಿಕೊಂಡರು.

"ನೀನಾದ್ರೂ ಹೇಳಮ್ಮ ಇವರಿಗೆ. ಓದಿದ ಹುಡುಗಿ. ದೇಶದ ಮರ್ಯಾದೆ ಪ್ರಶ್ನೆ. ಸ್ವಲ್ಪ ಪಕ್ಕಕ್ಕೆ ಬಾ, ತಗಡು ಹಾಕ್ತಾರೆ. ಹೂಂ ಅನ್ನು, ಸಾಕು."

ಗಲ್ಲಿಯವರೆಲ್ಲ ಅವಳ ಕಡೆ ತಿರುಗಿದರು. ಯಜಮಾನರು ಕೂಡ ಅವಳ ತುಟಿಯನ್ನೇ ನೋಡುತ್ತಿದ್ದರು. ಅವಳು ಆಗ ತಾನೇ ಲೋಟ ಎತ್ತಿ ನೀರು ಬಾಯಿಗೆ ಹಾಕಿಕೊಂಡಿದ್ದಳು, ಕೆನ್ನೆ ಎರಡೂ ಉಬ್ಬಿದ್ದವು. ನುಂಗುವುದಕ್ಕೂ ಕಾಯಲಿಲ್ಲ.

"ಊಹೂಂ" ಎಂದಳು.

ಬಾಯಿ ತುಂಬ ನೀರಿದ್ದರೂ ಊ ಬೇರೆ, ಹೂಂ ಬೇರೆ, ಎರಡೂ ಸ್ಪಷ್ಟವಾಗಿ ಕೇಳಿಸಿದವು. ಆಳುಗಳು ತಗಡಿಗೆ ಕೈ ಹಾಕಲಿಲ್ಲ. ನಾನು ನನ್ನ ಬೈಗುಳವನ್ನೆಲ್ಲ ನುಂಗಿಕೊಂಡು, ಬಿಚ್ಚಿದ ನಟ್ಟುಗಳನ್ನು ಸೆರಗಿಗೆ ಗಂಟು ಹಾಕಿ, ಅವಳ ಪಕ್ಕದಲ್ಲಿ ಹೋಗಿ ನಿಂತುಕೊಂಡೆ.